ಬಾಗಿಲ ಪಕ್ಕದ ಕುರ್ಚಿ

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವ ಅವಳಿಗೆ, ಮಗಳ ಕೋಣೆಯ ಮುಚ್ಚಿದ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಮಾತ್ರ ಬರವಣಿಗೆ ಸಾಗುತ್ತಿತ್ತು. ಒಳಗೆ ಮಗಳು ಗೆಳತಿಯೊಡನೆ ಫೋನಿನಲ್ಲಿ ಆಡಿದ ಮಾತು ಹೊರಗೆ ಲ್ಯಾಪ್‌ಟಾಪಿನಲ್ಲಿ ನಾಯಕಿಯ ಮಾತಾಗುತ್ತಿತ್ತು. ಸ್ಫೂರ್ತಿ ಎಲ್ಲಿಂದ ಎಂದು ಯಾರಾದರೂ ಕೇಳಿದರೆ, "ಕಿವಿ ತೆರೆದಿಟ್ಕೊಂಡಿರ್ತೀನಿ, ಅಷ್ಟೇ," ಎಂದು ನಗುತ್ತಿದ್ದಳು. ಹೋದ ಸಲದ ಪುಸ್ತಕ ಓದಿದ ಮಗಳು, "ಥೇಟ್ ನನ್ನ ಹಾಗೇ ಮಾತಾಡ್ತಾಳಮ್ಮಾ," ಎಂದಿದ್ದಳು.

ಈ ಸಲ ಕೊನೆಯ ಅಧ್ಯಾಯ ಕೈಗೇ ಸಿಗುತ್ತಿರಲಿಲ್ಲ. ಪ್ರಕಾಶಕರು ಬೆಳಿಗ್ಗೆಯಿಂದ ಕಾಡುತ್ತಿದ್ದರು. ನಾಯಕಿಯೋ ಬಾಯೇ ಬಿಡುತ್ತಿರಲಿಲ್ಲ. ಅವಳು ಎದ್ದಳು, ಕೂತಳು, ಆರಿದ ಕಾಫಿಯನ್ನು ಮತ್ತೆ ಬಿಸಿ ಮಾಡಿ ತಂದು ಕುಡಿಯದೆ ಇಟ್ಟಳು.

ಅಷ್ಟರಲ್ಲಿ ಒಳಗಿನಿಂದ ಮಗಳ ದನಿ ಕೇಳಿತು.

"ಕಾಲೇಜಿಗೆ ಹೋಗದೆ ತಿಂಗಳಾಯ್ತು ಕಣೇ. ಬ್ಯಾಗ್ ತಗೊಂಡು ಹೊರಡ್ತೀನಿ, ಪಾರ್ಕಲ್ಲಿ ಕೂತಿದ್ದು ವಾಪಸ್ ಬರ್ತೀನಿ. ಕ್ಲಾಸೊಳಗೆ ಕಾಲಿಟ್ರೆ ಉಸಿರು ಕಟ್ಟತ್ತೆ."

ತಾಯಿಯ ಬೆರಳುಗಳು ಓಡತೊಡಗಿದವು.

"ಅಮ್ಮಂಗೆ ಹೇಳೋಣ ಅಂತ ಎಷ್ಟು ಸಲ ಹೋದೆ ಗೊತ್ತಾ? 'ಒಂದ್ನಿಮಿಷ ಇರು ಪುಟ್ಟಾ, ಬರೀತಿದ್ದೀನಿ' ಅಂತಾಳೆ. ತಲೆ ಕೂಡ ಎತ್ತಲ್ಲ."

ಎಂಥ ಮಾತು! ನಾಯಕಿಯ ಬಾಯಲ್ಲಿ ಇದೇ ಬರಬೇಕಿತ್ತು. ಅವಳು ತಲೆ ಎತ್ತದೆ, ಒಂದಕ್ಷರ ಬಿಡದೆ ಟೈಪ್ ಮಾಡಿದಳು.

ಆಗ ಅವಳ ಮಗ್ಗುಲಲ್ಲೇ ಚಾರ್ಜಿಗೆ ಹಾಕಿದ್ದ ಮಗಳ ಫೋನ್ ರಿಂಗಾಯಿತು. ಪರದೆಯ ಮೇಲೆ ಅದೇ ಗೆಳತಿಯ ಹೆಸರಿತ್ತು.

ಒಳಗೆ ಮಗಳು ಇನ್ನೂ ಮಾತಾಡುತ್ತಲೇ ಇದ್ದಳು.