ಮೂರನೇ ಮೆಟ್ಟಿಲ ಹೂಕುಂಡ

ಉಡುಗೊರೆಯ ಬಣ್ಣದ ಕಾಗದ ಇನ್ನೂ ನೆಲದ ಮೇಲೇ ಬಿದ್ದಿತ್ತು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿ, ಇಕ್ಕಳ ತಂದು, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದ್ದಳು. ಕಿತ್ತ ಮೊಳೆ ಎಲ್ಲಿಗೆ ಹಾರಿತೆಂದೂ ನೋಡುತ್ತಿರಲಿಲ್ಲ.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕತ್ತಿಗೆ?” ಎಂದಳು ಮೇಷ್ಟ್ರ ತಂಗಿ. ಅತ್ತಿಗೆಯ ಹುಟ್ಟುಹಬ್ಬಕ್ಕೆಂದು ಕೇಕ್ ಹಿಡಿದು ಬಂದವಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. “ಅಣ್ಣ ಎಷ್ಟು ಆಸೆಯಿಂದ ಮಾಡಿಸಿದ್ದಾನೆ! ಆ ಹೂಕುಂಡ ಎಷ್ಟು ಮುದ್ದಾಗಿತ್ತು.”

“ಹೂಕುಂಡದ ಮಾತೆತ್ತಿದರೆ ನಿನಗೂ ಬೈಗುಳ ಬೀಳುತ್ತೆ. ಸುಮ್ಮನಿರು.”

ಫ್ರೇಮಿನೊಳಗಿದ್ದದ್ದು ಮೇಷ್ಟ್ರ ಹೆಂಡತಿ ವರ್ಷಗಟ್ಟಲೆ ಕೂತು ಕೈಯಲ್ಲಿ ಹೊಲಿದ ಕಸೂತಿ. ಅವರದೇ ಮನೆಯ ಮುಂದಿನ ಮೆಟ್ಟಿಲುಗಳ ಚಿತ್ರ. ಮೇಲಿನ ಮೆಟ್ಟಿಲಲ್ಲಿ ಪೇಪರ್ ಹಿಡಿದ ಮೇಷ್ಟ್ರು, ಅದರ ಕೆಳಗೆ ಆಕೆ, ಪಕ್ಕದಲ್ಲಿ ಬೆಕ್ಕು. ಆರೆಳೆಯ ದಾರದಿಂದ ಒಂದೇ ಎಳೆ ಬಿಡಿಸಿಕೊಂಡು, ಮೇಷ್ಟ್ರ ಕನ್ನಡಕದ ಕಡ್ಡಿಯನ್ನೂ ಬಿಡದೆ ಹೊಲಿದಿದ್ದಳು. ಮೂರನೇ ಮೆಟ್ಟಿಲು ಮಾತ್ರ ಬರಿದಾಗಿತ್ತು. ಮೇಷ್ಟ್ರು ಆ ಬಟ್ಟೆಯನ್ನು ಗುಟ್ಟಾಗಿ ಮೆಷಿನ್ ಕಸೂತಿಯ ಅಂಗಡಿಗೆ ಒಯ್ದು, ‘ಪೂರ್ತಿ’ ಮಾಡಿಸಿ, ಗಾಜು ಹಾಕಿಸಿ ತಂದಿದ್ದರು. ಬರಿದಿದ್ದ ಜಾಗದಲ್ಲೀಗ ಒಂದು ಕೆಂಪು ಹೂಕುಂಡ ಪ್ಲಾಸ್ಟಿಕ್ಕಿನಂತೆ ಮಿರುಗುತ್ತಿತ್ತು. ಅದಕ್ಕೆ ಮುದ್ದು ಅನ್ನುವುದಾದರೆ ಇಟ್ಟಿಗೆಗೂ ಅನ್ನಬಹುದು.

“ಅರ್ಧಂಬರ್ಧ ಆಗಿ ಪೆಟ್ಟಿಗೇಲಿ ಬಿದ್ದಿತ್ತಲ್ಲ, ಮುಗಿಸಿ ಕೊಟ್ಟರೆ ಖುಷಿಪಡ್ತೀಯ ಅಂದ್ಕೊಂಡೆ. ಅದೂ ತಪ್ಪಾ?” ಎಂದರು ಮೇಷ್ಟ್ರು.

“ಅಂಗಡಿಯವನಿಗೆ ಏನು ಹೇಳಿದ್ರಿ?”

“ಆ ಜಾಗ ಖಾಲಿ ಕಾಣುತ್ತೆ, ಏನಾದರೂ ಹಾಕಪ್ಪ ಅಂದೆ.”

“ಏನಾದರೂ!” ಇಕ್ಕಳ ಮೇಜಿಗೆ ಬಡಿಯಿತು. “ಪೆನ್ಸಿಲಲ್ಲಿ ಗೆರೆ ಎಳೆದಿಟ್ಟಿದ್ದೆ. ಮೊಣಕಾಲು ತಬ್ಬಿಕೊಂಡು ಕೂತ ಹುಡುಗಿ. ಈ ಮನೇಲಿ ಹಾಗೆ ಕೂರ್ತಿದ್ದೋಳು ಯಾರು? ಕಾಣಿಸಲಿಲ್ವಾ ನಿಮಗೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. “ಕಾಣಿಸ್ತು” ಎಂದರು.

ಕಾಲೇಜು ಬಿಟ್ಟು ಬಸ್ಸು ಓಡಿಸುವ ಕೆಲಸಕ್ಕೆ ಸೇರಿದ ಮಗಳನ್ನು “ಸ್ಟೀರಿಂಗ್ ಬೇಕೋ, ಈ ಮನೆ ಬೇಕೋ” ಎಂದು ಕೇಳಿದವರು ಅವರೇ. ಅಪ್ಪನದೇ ಹಟ ಅವಳದೂ. ಚಪ್ಪಲಿ ಮೆಟ್ಟಿಕೊಂಡು ಹೋದವಳು ತಿರುಗಿ ನೋಡಿರಲಿಲ್ಲ. ಇವರೂ ಕರೆದಿರಲಿಲ್ಲ.

ಮೇಷ್ಟ್ರ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. “ಕಾಣಿಸಲಿಲ್ಲ ಅಂದಿದ್ರೆ ಕ್ಷಮಿಸಿಬಿಡ್ತಿದ್ದೆ. ಕಂಡೂ ಕಂಡೂ ಮಗಳ ಮೇಲೆ ಕುಂಡ ಇಡಿಸಿದ್ರಾ? ಮನೆಯಿಂದ ಅಟ್ಟಿದ್ದು ಸಾಲದು ಅಂತ ಬಟ್ಟೆಯಿಂದಲೂ ಅಟ್ಟಿದ್ರಾ?”

“ಅಷ್ಟಿದ್ದರೆ ನೀನೇ ಯಾಕೆ ಹೊಲಿದು ಮುಗಿಸಲಿಲ್ಲ?”

“ನೀವು ಬಾಯಿಬಿಟ್ಟು ಅವಳನ್ನ ಕರೆದ ದಿನ ಹೊಲಿಯೋಣ ಅಂತ ಕಾದೆ. ದಾರ ಕೂಡ ತಂದಿಟ್ಟೆ.” ಪೆಟ್ಟಿಗೆಯಿಂದ ಆಕೆ ಒಂದು ನೀಲಿ ದಾರದ ಲಡಿ ತೆಗೆದು ಮೇಜಿನ ಮೇಲೆ ಎಸೆದಳು. ಮಗಳ ಡ್ರೈವರ್ ಸಮವಸ್ತ್ರದ್ದೇ ನೀಲಿ. ಲಡಿಗೆ ಸುತ್ತಿದ ಕಾಗದದ ಪಟ್ಟಿ ಇನ್ನೂ ಹರಿದಿರಲಿಲ್ಲ.

ಮೇಷ್ಟ್ರ ತಂಗಿ ಕೇಕನ್ನು ಕುರ್ಚಿಯ ಮೇಲಿಟ್ಟು ಸದ್ದಿಲ್ಲದೆ ಚಪ್ಪಲಿ ಹುಡುಕಿಕೊಂಡಳು.

ಮೇಷ್ಟ್ರ ಹೆಂಡತಿ ಫ್ರೇಮಿನಿಂದ ಬಟ್ಟೆ ಬಿಡಿಸಿ ಗಂಡನ ಮುಂದೆ ಹಾಸಿದಳು. ಆಮೇಲೆ ಹಕ್ಕಿಯ ಕೊಕ್ಕಿನಂಥ ಮೊನೆಯಿದ್ದ ತನ್ನ ಪುಟ್ಟ ಕತ್ತರಿಯನ್ನು ತಂದು ಅವರ ಕೈಗಿಟ್ಟಳು. ಹಿಂದೊಮ್ಮೆ ಮೇಷ್ಟ್ರು ಅದರಲ್ಲಿ ಮೀಸೆ ಕತ್ತರಿಸಿಕೊಂಡು ಆ ಮನೆಯಲ್ಲಿ ಮಹಾಯುದ್ಧವಾಗಿತ್ತು. ಆಮೇಲೆ ಅದನ್ನು ಮುಟ್ಟುವ ಧೈರ್ಯ ಅವರು ಮಾಡಿರಲಿಲ್ಲ.

“ಬಿಚ್ಚಿ.”

“ನಂಗೆಲ್ಲಿ ಬರುತ್ತೆ ಕಣೇ.”

“ಹಾಕಿಸೋಕೆ ಬಂತಲ್ಲ, ಬಿಚ್ಚೋಕೂ ಬರುತ್ತೆ. ಹಿಂದಿನಿಂದ ಕತ್ತರಿಸಿ, ಮುಂದಿನಿಂದ ಎಳೀರಿ. ನನ್ನ ಹೊಲಿಗೆಯ ಒಂದೆಳೆ ತುಂಡಾದರೂ ಇವತ್ತು ನಿಮ್ಮನ್ನ ಸುಮ್ಮನೆ ಬಿಡಲ್ಲ.”

ಮೇಷ್ಟ್ರು ಬಟ್ಟೆ ತಿರುವಿ ಹಾಕಿ ಬಗ್ಗಿದರು. ಮೆಷಿನ್ನಿನ ಹೊಲಿಗೆ ಒತ್ತಾಗಿತ್ತು, ಸುಲಭಕ್ಕೆ ಬಿಡಲಿಲ್ಲ. ಕತ್ತರಿಯ ಮೊನೆ ಎರಡು ಸಲ ಬೆರಳಿಗೇ ಚುಚ್ಚಿತು. ಆಕೆ ಎದುರಿಗೆ ಕೈಕಟ್ಟಿ ನಿಂತಿದ್ದಳೇ ಹೊರತು ಅಯ್ಯೋ ಅನ್ನಲಿಲ್ಲ. ಮೇಜಿನ ಮೇಲೆ ಕೆಂಪು ದಾರದ ಚೂರು ಗುಡ್ಡೆಯಾಗುತ್ತ ಹೋಯಿತು. ಹೂವು ಹೋಯಿತು, ಎಲೆ ಹೋಯಿತು, ಕುಂಡವೂ ಹೋಯಿತು. ಅದರಡಿಯಿಂದ ಮಸುಕಾದ ಪೆನ್ಸಿಲಿನ ಮೊಣಕಾಲೊಂದು ಮೇಲೆದ್ದು ಬಂತು.

ಮೇಷ್ಟ್ರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೆಷಿನ್ನಿನ ಸೂಜಿ ಚುಚ್ಚಿದ ತೂತುಗಳು ಹಾಗೇ ಉಳಿದಿದ್ದವು. ಕುಂಡದ ಆಕಾರದಲ್ಲೇ, ಮಗಳ ಮೈಮೇಲೆಲ್ಲ.

“ಒಗೆದರೆ ಹೋಗುತ್ತಾ?” ಎಂದು ಮೆಲ್ಲಗೆ ಕೇಳಿದರು.

“ಹೋಗಲ್ಲ.” ಆಕೆ ನೀಲಿ ಲಡಿಯನ್ನೆತ್ತಿ ಅವರ ಫೋನಿನ ಮೇಲಿಟ್ಟಳು. “ಅವಳು ಬಂದು ಕೂತರೆ ಮುಚ್ಚುತ್ತೆ.”