ಮಿಲ್ಲಿನ ಮನೆಯ ಬೀಸುಕಲ್ಲು

ಪಕ್ಕದ ಹಿಟ್ಟಿನ ಮಿಲ್ಲಿನ ಎಂಜಿನ್ನು ಡುಗುಡುಗು ಅನ್ನತೊಡಗಿತು. ಅದನ್ನೇ ಕಾಯುತ್ತಿದ್ದ ಶಿವರುದ್ರಮ್ಮ ಹಿತ್ತಿಲ ಕೋಣೆಯ ಬಾಗಿಲಿಗೆ ಅಗುಳಿ ಹಾಕಿ, ಬೀಸುಕಲ್ಲಿನ ಮುಂದೆ ಉಸ್ಸೆಂದು ಕೂತಳು. ಎದುರಿಗೆ ಓಬಕ್ಕ ಆಗಲೇ ಗೂಟ ಹಿಡಿದಿದ್ದಳು.

"ಬಾಯ್ ತೆಗೀರಮ್ಮ."

"ಯಾಕೆ?"

"ತುಪ್ಪದ ವಾಸ್ನೆ ಬತ್ತೈತೆ."

ಶಿವರುದ್ರಮ್ಮ ತುಟಿ ಬಿಗಿದಳು. ತಿಂದದ್ದು ಒಂದೇ ಒಂದು ಹೋಳಿಗೆ, ಅದೂ ಅರ್ಧ! ಓಬಕ್ಕ ಇನ್ನೊಂದು ಬೊಗಸೆ ರಾಗಿ ಹೆಚ್ಚಿಗೆ ತೆಗೆದಿಟ್ಟು, "ಈಗ ಕರಗಿಸ್ರಿ" ಅಂದಳು.

ಇಡೀ ಶಿರಾ ಪೇಟೆಗೆ ಅದೇ ಮೊದಲ ಮಿಲ್ಲು. ಅದರ ಯಜಮಾನ ಬಸವಲಿಂಗಯ್ಯನವರೇ ಶಿವರುದ್ರಮ್ಮನ ಗಂಡ. ಎಂಜಿನ್ನು ಬಂದಿಳಿದ ದಿನವೇ ಅವರು ಸಂತೆಯಲ್ಲಿ ನಿಂತು, "ನನ್ನ ಹೆಂಡ್ತಿ ಇನ್ನು ಬೀಸುಕಲ್ಲು ಮುಟ್ಟಲ್ಲ" ಎಂದು ಸಾರಿದ್ದರು. ಮುಟ್ಟಲಿಲ್ಲ. ನಾಲ್ಕು ವರ್ಷ ಕೂತು ಉಂಡದ್ದಕ್ಕೆ ಈಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಮಿಡಿಗೇಶಿಗೆ ಕೊಟ್ಟ ಮಗಳು ನಾಗರತ್ನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ನಾಡಿ ಹಿಡಿದ ಪಂಡಿತ ಸಂಜೀವಯ್ಯ ನಕ್ಕೇಬಿಟ್ಟಿದ್ದರು. "ತಾಯೀ, ನೀವು ಬಾಣಂತನ ಮಾಡೋದಿರಲಿ, ನಿಮ್ಮನ್ನ ಎತ್ತಿ ಕೂರಿಸೋಕೇ ಇಬ್ಬರು ಬೇಕು. ದಿನಾ ಎರಡು ಸೇರು ಬೀಸಿ. ಮುದ್ದೆ, ಸೊಪ್ಪಿನ ಸಾರು ಉಣ್ಣಿ. ತುಪ್ಪ, ಬೆಲ್ಲ ಮರೀರಿ."

ಮಗಳ ಬಾಣಂತನವನ್ನು ಕಂಡವರ ಕೈಗೆ ಒಪ್ಪಿಸುವುದೇ? ಪ್ರಾಣ ಹೋದರೂ ಇಲ್ಲ. ಆದರೆ ಮಿಲ್ಲಿನವರ ಹೆಂಡತಿಯೇ ಕಲ್ಲು ತಿರುಗಿಸುತ್ತಾಳೆಂದು ಪೇಟೆಗೆ ತಿಳಿದರೆ ಗಂಡನ ಮಾನ ಮೂರಾಬಟ್ಟೆ. ಗುಟ್ಟಾಗಿ ಒಬ್ಬಳೇ ಕೂತು ನೋಡಿದಳು. ಮೂರನೇ ದಿನಕ್ಕೆ ಸೊಂಟ ಹಿಡಿಯಿತು, ನಾಲ್ಕನೇ ದಿನಕ್ಕೆ ಕಜ್ಜಾಯ ಕರೆಯಿತು. ಜೊತೆಗೊಬ್ಬರು ಬೇಕೇ ಬೇಕು. ಪಕ್ಕದ ಮನೆಯ ಚನ್ನಮಲ್ಲಮ್ಮನ ಬಾಯಲ್ಲಿ ಎಳ್ಳುಕಾಳೂ ನೆನೆಯದು. ಉಳಿದವಳು ಓಬಕ್ಕ. ಊರಿಗೆಲ್ಲ ಬೀಸಿಕೊಡುತ್ತಿದ್ದವಳು, ಮಿಲ್ಲು ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದಳು.

ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಾಗ ಓಬಕ್ಕ, "ಗುಟ್ಟು ಮಡಿಕ್ಕಳದು ನಂಗೇನು ಹೊಸ್ದಾ, ಬುಡಿ. ಮನೆ ರಾಗಿ ತೆಗುದ್ರೆ ಯಜಮಾನ್ರಿಗೆ ಗೊತ್ತಾಗ್ತೈತೆ. ರಾಗೀನೂ ನಾನೇ ತತ್ತೀನಿ" ಅಂದಿದ್ದಳು.

ಆ ರಾಗಿ ಯಾರದೆಂದು ಶಿವರುದ್ರಮ್ಮ ಒಂದು ದಿನ ಕೇಳಿದಳು.

"ಯಾರೋ ದೊಡ್ ಮನುಸ್ರದು ಕಣಮ್ಮ. ಮಿಲ್ಲಿನ ಹಿಟ್ಟು ಸೀದೋಗಿರ್ತೈತೆ, ಗಂಟ್ಲಾಗೆ ಇಳಿಯಕ್ಕಿಲ್ಲ ಅಂತಾರೆ. ಹೆಸ್ರು ಮಾತ್ರ ಕೇಳ್ಬ್ಯಾಡಿ."

ಶಿವರುದ್ರಮ್ಮನಿಗೆ ಮೈಯೆಲ್ಲ ಉರಿಯಿತು. "ಅವರ ನಾಲಗೆ ಸೇದಿಹೋಗ! ನಮ್ಮ ಯಜಮಾನ್ರು ಮಿಲ್ಲಿಂದ ತಾವೇ ಡಬ್ಬ ಹೊತ್ತು ತರ್ತಾರೆ. ಆ ಹಿಟ್ಟಿನ ಮುದ್ದೆ ಒಂದು ಸಲ ಉಂಡು ನೋಡ್ಲಿ!" ನಿಜವೇ. ಊಟಕ್ಕೆ ಕೂತಾಗಲೆಲ್ಲ ಬಸವಲಿಂಗಯ್ಯ ಎರಡನೇ ಮುದ್ದೆ ಮುರಿಯುತ್ತಾ, "ಯಾವ ಬೀಸುಕಲ್ಲು ಕೊಟ್ಟೀತೇ ಈ ರುಚಿ?" ಎನ್ನುತ್ತಿದ್ದರು. ಓಬಕ್ಕನಿಗೆ ಅದೇಕೋ ಕೆಮ್ಮು ಬಂತು; ಸೆರಗು ಬಾಯಿಗೆ ಒತ್ತಿಕೊಂಡಳು.

ಎರಡು ತಿಂಗಳಿಗೆ ಶಿವರುದ್ರಮ್ಮನ ಬಿಗಿ ಬಳೆಗಳು ಸಡಿಲವಾದವು. ತುಂಬಿದ ಹಂಡೆಯನ್ನು ಒಬ್ಬಳೇ ಎತ್ತಿ ಒಲೆಗಿಟ್ಟಳು! ಆ ಸಂತೋಷಕ್ಕೆ ಓಬಕ್ಕನನ್ನು ತಬ್ಬಿಕೊಂಡೇಬಿಟ್ಟಳು. ಮಗಳು ಬರಲು ಇನ್ನು ಹದಿನೈದೇ ದಿನ. ಅಲ್ಲಿಯತನಕ ಗುಟ್ಟು ಉಳಿದರೆ ಸಾಕಿತ್ತು.

ಉಳಿಯಲಿಲ್ಲ. ಒಂದು ಬೆಳಿಗ್ಗೆ ಮಿಲ್ಲಿನ ಬೆಲ್ಟು ಹರಿದು ಎಂಜಿನ್ನು ನಿಂತಿತು. ಮಾತಿನಲ್ಲಿ ಮೈಮರೆತಿದ್ದ ಇಬ್ಬರಿಗೂ ತಿಳಿಯಲೇ ಇಲ್ಲ. ಹಿತ್ತಿಲ ಕೋಣೆಯಿಂದ ಗರಗರ ಸದ್ದೊಂದೇ ಬೀದಿಯವರೆಗೂ ಕೇಳುತ್ತಿತ್ತು.

ಬಾಗಿಲನ್ನು ಯಾರೋ ದಡದಡ ಬಡಿದರು. "ಯಾರದು ಒಳಗೆ?"

ಗಂಡನ ದನಿ! ಶಿವರುದ್ರಮ್ಮ ಗೂಟ ಬಿಟ್ಟು ಎದ್ದಳು. ಆದದ್ದಾಗಲಿ ಎಂದು ಅಗುಳಿ ತೆಗೆದಳು. "ತಪ್ಪಾಯ್ತು ಕಣ್ರೀ. ಬೀಸ್ತಿದ್ದೋಳು ನಾನೇ. ಮಗಳ ಬಾಣಂತನಕ್ಕೆ ಮೈ ಇಳಿಸಬೇಕಿತ್ತು. ನಿಮ್ಮ ಮಾನ ಕಳೆದೆ, ಬೈಯ್ರಿ."

ಬಸವಲಿಂಗಯ್ಯ ಬೈಯಲಿಲ್ಲ. ಕಲ್ಲಿನ ಪಕ್ಕದ ರಾಗಿ ಚೀಲವನ್ನು ನೋಡಿದರು, ಓಬಕ್ಕನನ್ನು ನೋಡಿದರು. ಮುಖ ಪೆಚ್ಚಾಯಿತು.

"ಲೇ ಓಬಕ್ಕ, ನನ್ನ ರಾಗೀನ ನಿನ್ನ ಮನೇಲೇ ಬೀಸು, ಇವಳಿಗೆ ಮಾತ್ರ ಗೊತ್ತಾಗ್ಬಾರ್ದು ಅಂದಿದ್ನಲ್ಲೇ!"