ಪಿಳ್ಳಮ್ಮನ ಬೈಗುಳ

"ನಲ್ಲೀಲಿ ಚರಂಡಿ ನೀರು ಬೆರೆತು ಬರ್ತಿದೆ. ನಾಳೆ ಹತ್ತು ಗಂಟೆಗೆ ಎಲ್ರೂ ನನ್ ಜೊತೆ ಇಂಜಿನಿಯರ್ ಹತ್ರ ಬರ್ಬೇಕು. ನನ್ ಪ್ರಾಣ ಇರೋವರ್ಗೂ..." ಎಂದು ಮಾಜಿ ಕಾರ್ಪೊರೇಟರ್ ಮುನಿಸ್ವಾಮಿ ಬೆರಳೆತ್ತಿದ್ದೇ ತಡ, ಚಾಮರಾಜಪೇಟೆಯ ಆ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಮಾತು ಬಾಯಿಗೆ ಬರಬಾರದೆಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮೂರು ಸಲ ಎಚ್ಚರಿಸಿಕೊಂಡೇ ಬಂದಿದ್ದರು. ಮೂವತ್ತು ವರ್ಷದ ಅಭ್ಯಾಸ, ಕೇಳಬೇಕಲ್ಲ.

ಎಲ್ಲಕ್ಕೂ ಕಾರಣ ಕೈಲಾಸ್. ಟಿವಿಯ ಕಾಮಿಡಿ ಷೋದಲ್ಲಿ ಪ್ರತಿ ಭಾನುವಾರ ಅವನು ಹೆಗಲಿಗೆ ಟವೆಲ್ ಹಾಕಿ, ಥೇಟ್ ಮುನಿಸ್ವಾಮಿಯವರಂತೆ ಬಾಯಿ ಒರೆಸಿಕೊಂಡು, ಬೆರಳನ್ನು ಆಕಾಶಕ್ಕೆತ್ತಿ "ನನ್ ಪ್ರಾಣ ಇರೋವರ್ಗೂ" ಎನ್ನುತ್ತಾನೆ. ಅಂದವನೇ ಎದೆ ಹಿಡಿದುಕೊಂಡು ದೊಪ್ಪನೆ ಬೀಳುತ್ತಾನೆ. ಹಿಂದಿನಿಂದ ತಮಟೆ. ಮೊದಮೊದಲು ಮುನಿಸ್ವಾಮಿಯೇ ಹಿಗ್ಗಿ ಹೀರೇಕಾಯಿಯಾಗಿದ್ದರು. ವಾರ್ಡಿನ ಗಣೇಶನ ಪೆಂಡಾಲಿಗೆ ಅವನನ್ನು ಕರೆಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, "ನೀನು ನನ್ನ ಮನೆಮನೆಗೆ ಮುಟ್ಟಿಸ್ದೆ ಕಣಪ್ಪಾ" ಎಂದು ಮೈಕಿನಲ್ಲಿ ಹೊಗಳಿದ್ದೂ ಅವರೇ. ಈಗ ಹೋಟೆಲಿನಲ್ಲಿ, ಮದುವೆಮನೆಯಲ್ಲಿ, ಕೊನೆಗೆ ಸಾವಿನ ಮನೆಯಲ್ಲೂ ಜನ ಅವರು ಬೀಳುವುದನ್ನೇ ಕಾಯುತ್ತಾರೆ.

"ತಾತಾ, ಒಂದೇ ಒಂದ್ಸಲ ಬೀಳಿ ತಾತಾ, ವಿಡಿಯೋ ಮಾಡ್ಕೋತೀನಿ," ಎಂದು ಕಾಲೇಜಿಗೆ ಹೊರಟಿದ್ದ ತೇಜಸ್ವಿನಿ ಫೋನ್ ಹಿಡಿದು ಮುಂದೆ ಬಂದಳು.

"ಇದು ನೀರಿನ ವಿಷ್ಯ ಕಣಮ್ಮಾ. ನಿಮ್ಮನೇಲಿ ವಾಸನೆ ಬರ್ತಿಲ್ವಾ?"

"ಬರ್ತಿದೆ ತಾತಾ, ತಡ್ಕೊಳೋಕಾಗಲ್ಲ. ಅದನ್ನೂ ಸೇರ್ಸಿ ಹೇಳಿ, ಇನ್ನೂ ಮಜಾ ಇರುತ್ತೆ!"

ಎರಡು ನಿಮಿಷದಲ್ಲಿ ಓಣಿ ಖಾಲಿಯಾಯಿತು. ಮುನಿಸ್ವಾಮಿ ಅಲ್ಲೇ ನಿಂತರು. ಎದುರಿಗೆ ಯಾವ ಚುನಾವಣೆಯೂ ಇರಲಿಲ್ಲ, ಯಾರೂ ಅವರಿಗೆ ಟಿಕೆಟ್ ಕೊಡುವವರೂ ಇರಲಿಲ್ಲ. ಪಕ್ಕದ ಮನೆಯ ಮಗು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದನ್ನು ನೋಡಿ ಮನಸ್ಸು ತಡೆಯದೆ ಬಂದಿದ್ದರು, ಅಷ್ಟೆ. ಒಬ್ಬರೇ ಹೋದರೆ ಇಂಜಿನಿಯರ್ ಕಾಫಿ ಕೊಟ್ಟು, ಒಂದು ಸೆಲ್ಫಿ ತೆಗೆಸಿಕೊಂಡು ಕಳಿಸಿಬಿಡುತ್ತಾನೆ. ಬಾಗಿಲಲ್ಲಿ ನಿಂತು ಕೂಗುವ ಜನ ಬೇಕು.

ಕೂಗುವುದೆಂದರೆ ಪಿಳ್ಳಮ್ಮ ನೆನಪಾದಳು. ತೇಜಸ್ವಿನಿಯ ಅಜ್ಜಿ, ಕಲಾಸಿಪಾಳ್ಯದಲ್ಲಿ ನಲವತ್ತು ವರ್ಷ ಸೊಪ್ಪು ಮಾರಿದವಳು. ಮುನಿಸ್ವಾಮಿ ಕಾರ್ಪೊರೇಟರ್ ಆಗಿದ್ದಾಗ ಒಂದು ದಿನ ನೀರು ನಿಂತರೆ ಸಾಕು, ಮಾರ್ಕೆಟ್ಟಿಗೆ ಹೊರಡುವ ಮುಂಚೆ ಅವರ ಗೇಟಿಗೆ ಖಾಲಿ ಬಿಂದಿಗೆ ಬಡಿಯುತ್ತಿದ್ದಳು. "ಓಟ್ ಕೇಳೋಕ್ ಬಂದಾಗ ಕಾಲಿಗ್ ಬಿದ್ಯಲ್ಲೋ, ಈಗ ಎದ್ದು ಈಚೆ ಬಾರೋ!" ಆ ಗಂಟಲಿಗೆ ಓಣಿಗೆ ಓಣಿಯೇ ಎದ್ದು ಅವಳ ಹಿಂದೆ ನಿಲ್ಲುತ್ತಿತ್ತು. ಮುನಿಸ್ವಾಮಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಆಫೀಸಿಗೆ ಓಡುತ್ತಿದ್ದರು. ಸಂಜೆಯೊಳಗೆ ನೀರು ಬರುತ್ತಿತ್ತು. ಆಗ ಅವಳ ಹೆಸರು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಈಗ ಯಾರಾದರೂ ಹಾಗೆ ಗೇಟು ಬಡಿದು, 'ಲೋ' ಎಂದು ಕರೆದು ಎಷ್ಟು ವರ್ಷವಾಯಿತೋ ಎಂದುಕೊಳ್ಳುತ್ತಾ ಅವಳ ಮನೆಯತ್ತ ನಡೆದರು.

ಪಿಳ್ಳಮ್ಮ ಮನೆಯ ಮುಂದಿನ ಜಗಲಿಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲ ಪಕ್ಕದಲ್ಲಿ ಅಂಗಡಿಯಿಂದ ತರಿಸಿದ ನೀರಿನ ಕ್ಯಾನ್ ಇತ್ತು. ಮುನಿಸ್ವಾಮಿ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಮುದುರಿಕೊಂಡರು.

"ಅಕ್ಕಾ, ನನ್ನ ಒಂದ್ಸಲ ಬೈಯಕ್ಕಾ."

"ಏನಂದೆ?"

"ಇಲ್ಲಿ, ಬೀದೀಲೇ, ಎಲ್ರಿಗೂ ಕೇಳೋ ಹಂಗೆ. ನೀನ್ ಬಾಯಿ ಬಿಟ್ರೆ ಈ ಜನ ನಗೋದ್ ಬಿಟ್ಟು ಎದ್ ಬರ್ತಾರೆ. ಏನ್ ಬೇಕಾದ್ರೂ ಅನ್ನು. ಮನೆ ಹಾಳಾಗ ಅನ್ನು, ಕಳ್ಳ ನನ್ಮಗನೆ ಅನ್ನು."

ಪಿಳ್ಳಮ್ಮ ಸೊಪ್ಪಿನ ಕಡ್ಡಿ ಕೆಳಗಿಟ್ಟು ಅವರನ್ನೇ ನೋಡಿದಳು. ತುಟಿ ಅದುರಿತು. ಬಂತು, ಈಗ ಬಂತು ಎಂದು ಮುನಿಸ್ವಾಮಿ ಉಸಿರು ಬಿಗಿಹಿಡಿದು ನಿಂತರು. ಬಂದದ್ದು ನಗು. ಅವಳು ಗಡಿಬಿಡಿಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಪ್ ತಿಳ್ಕೋಬೇಡ ಕಣಪ್ಪಾ. ನಿನ್ ಮುಖ ನೋಡ್ತಿದ್ದಂಗೆ ಟೀವೀಲಿ ಅವ್ನು ಬೀಳೋದೇ ಕಣ್ಮುಂದೆ ಬರುತ್ತೆ. ಕೂತ್ಕೋ, ಕಾಫಿ ಮಾಡ್ತೀನಿ."

"ಕಾಫಿ ಬೇಡಕ್ಕಾ. ಆಗ ದಿನಾ ಬೈತಿದ್ಯಲ್ಲ, ಈಗ ಒಂದ್ಸಲ ಆಗಲ್ವಾ?"

ಅವಳ ನಗು ಮೆಲ್ಲಗೆ ಇಳಿಯಿತು. ಮಡಿಲಿಗಂಟಿದ್ದ ಸೊಪ್ಪಿನೆಲೆಗಳನ್ನು ಒಂದೊಂದಾಗಿ ಮೊರಕ್ಕೆ ಹಾಕಿದಳು.

"ಆಗ ಬೈದ್ರೆ ನೀರ್ ಬಿಡಿಸ್ತೀಯ ಅಂತ ನಂಬಿದ್ದೆ ಕಣಪ್ಪಾ," ಎಂದಳು. "ನಂಬ್ಕೆ ಇಲ್ದೆ ಯಾರನ್ನಾದ್ರೂ ಹೆಂಗ್ ಬೈಯೋದು?"